ದುಮ್ಯಾತಿನ ಆಸ್ಟ್ರಿಯಾದವನು

"ಸ್ವಲ್ಪ ನಮಗೂ ಬಿಡಿ ನಮ್ಸಾವಿ ಮೇಷ್ಟ್ರೇ! ಆ ನೋಯೋ ಮಂಡಿ ಇಟ್ಕೊಂಡು ಎಷ್ಟು ದೂರ ಹೊರ್ತೀರಾ? ಪುಣ್ಯ ಪೂರ್ತಿ ನಿಮಗೊಬ್ರಿಗೇ ಬೇಕಾ?"

ಹಿಂದಿನಿಂದ ಯಾರೋ ಕೂಗಿದರು. ಫಿಕ್ರಿ ಮೇಷ್ಟ್ರು ತಿರುಗಿ ನೋಡಲಿಲ್ಲ. ಜನಾಜಾದ ಮುಂದಿನ ಬಲಗಡೆಯ ಹಿಡಿ ಅವರ ಹೆಗಲ ಮೇಲಿತ್ತು. ಮಸೀದಿಯ ಬಾಗಿಲಲ್ಲಿ ಹಿಡಿದವರು ಅದನ್ನು ಇನ್ನೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ದುಮ್ಯಾತಿನ ಬಡಗಿಗಳ ಬೀದಿಯಲ್ಲಿ ಹೆಣ ಹೊರುವುದಕ್ಕೂ ನೂಕುನುಗ್ಗಲು. ಒಬ್ಬ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಇನ್ನೊಬ್ಬ ಹೆಗಲು ತೂರಿಸುತ್ತಾನೆ. ಗರಗಸಗಳೆಲ್ಲ ನಿಂತಿದ್ದವು. ಅರ್ಧ ಕೆತ್ತಿದ ಕುರ್ಚಿಗಳ ನಡುವೆ ಕೆಲಸಗಾರರು ತೋರುಬೆರಳೆತ್ತಿ, ಪ್ರಾರ್ಥನೆಗೆ ತುಟಿ ಅಲ್ಲಾಡಿಸುತ್ತ ನಿಂತಿದ್ದರು. ಮರದ ವ್ಯಾಪಾರಿ ವಗ್ದಿ ಸತ್ತಿದ್ದ, ಬೀದಿಗೆ ಬೀದಿಯೇ ಅವನ ಹಿಂದೆ ಹೊರಟಿತ್ತು.

ಕೈರೋದಿಂದ ಬಂದಿದ್ದ ಮರದ ಗಿರಾಕಿಯೊಬ್ಬ ಪಕ್ಕದವನನ್ನು ಮೆಲ್ಲಗೆ ಕೇಳುವುದು ಮೇಷ್ಟ್ರ ಕಿವಿಗೂ ಬಿತ್ತು.

"ನಮ್ಸಾವಿ ಅಂದ್ರೆ ಆಸ್ಟ್ರಿಯಾದವನು ಅಂತಲ್ವಾ? ಇವರ ತಾತ ಗೀತ ಆ ಕಡೆಯಿಂದ ಬಂದವರಾ?"

"ಎಲ್ಲೀದು ಸ್ವಾಮಿ! ಏಳು ತಲೆಮಾರಿಂದ ಇದೇ ನೀರು ಕುಡಿದೋರು. ಹಿಂದೆ ಒಂದು ಪ್ರಶ್ನೆಗೆ ಉತ್ತರ ತಪ್ಪು ಹೇಳಿದ್ರು, ಅಷ್ಟೇ."

"ಅಷ್ಟಕ್ಕೇನಾ?"

"ಅಷ್ಟಕ್ಕೇ ಅಂದ್ರೆ? ನಮ್ಮ ದೇಶದ ಮಾನದ ಪ್ರಶ್ನೆ ಅದು. ಅದೂ ಭೂಗೋಳದ ಮೇಷ್ಟ್ರು!"

ಇಬ್ಬರೂ ಸಾವಿನ ಮರ್ಯಾದೆಗೆಂದು ನಗುವನ್ನು ಕೆಮ್ಮಾಗಿಸಿಕೊಂಡರು. ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಈ ಹೆಸರು ಅವರಿಗೆ ಅಂಟಿ ಮೂವತ್ತು ವರ್ಷ ದಾಟಿ ಎಷ್ಟೋ ಕಾಲವಾಗಿತ್ತು. ಪೋಸ್ಟ್‌ಮ್ಯಾನ್ 'ಫಿಕ್ರಿ ಅಬ್ದುಲ್ ಶಾಫಿ' ಎಂಬ ಹೆಸರಿನ ಕಾಗದ ಹಿಡಿದು ಬಂದರೆ ಎದುರುಮನೆಯವರೇ ಹಾಗೆಂಬುವರು ಇಲ್ಲಿ ಯಾರೂ ಇಲ್ಲ ಎಂದು ವಾಪಸು ಕಳಿಸಿದ್ದುಂಟು. ಮೀನಿನವಳಿಗೆ ಅವರ ಹೆಂಡತಿ ನಮ್ಸಾವಿಯ ಹೆಂಡತಿ. ಹಜ್ ಯಾತ್ರೆ ಮುಗಿಸಿ ಬಂದ ಮೇಲಾದರೂ ಹಾಜಿ ಫಿಕ್ರಿ ಎನ್ನುತ್ತಾರೇನೋ ಎಂದುಕೊಂಡಿದ್ದರು. ಜನ ಹಾಜಿ ನಮ್ಸಾವಿ ಎಂದರು, ಅಷ್ಟೇ ವ್ಯತ್ಯಾಸ.

ಆದರೆ ಆ ಹೆಸರಿನೊಳಗೆ ಏನಿದೆ ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಈಗ ಅವರ ಹೆಗಲ ಮೇಲೆ ಮಲಗಿದ್ದ.

ಕಬರಸ್ತಾನದಲ್ಲಿ ವಗ್ದಿಯ ಮಗ ಹಾಝಿಮ್‌ನ ಜೊತೆ ಮೇಷ್ಟ್ರೂ ಗೋರಿಯೊಳಗೆ ಇಳಿದರು. ಬೇಡವೆಂದರೂ ಕೇಳಲಿಲ್ಲ. ಗೆಳೆಯನ ಮುಖವನ್ನು ಮೆಕ್ಕಾದ ಕಡೆಗೆ ತಾವೇ ತಿರುಗಿಸಿ, ಕಫನ್ನಿನ ಬಟ್ಟೆಯ ಗಂಟು ಸಡಿಲಿಸಿ, ಮೇಲೆ ಬರುವಾಗ ಇಬ್ಬರು ಕಂಕುಳಿಗೆ ಕೈಹಾಕಿ ಎತ್ತಬೇಕಾಯಿತು.

ಮಣ್ಣು ಮುಚ್ಚಿದ ಮೇಲೆ ಮಸೀದಿಯ ಶೇಖ್ ಬದಾವಿ ಎಂದಿನಂತೆ ಜನರ ಕಡೆ ತಿರುಗಿದರು.

"ವಗ್ದಿಯಿಂದ ಯಾರಿಗಾದ್ರೂ ನೋವಾಗಿದ್ರೆ, ಯಾರದಾದ್ರೂ ಹಕ್ಕು ಅವನ ಮೇಲಿದ್ರೆ, ಇಲ್ಲೇ ಬಿಟ್ಬಿಡಿ. ಹೊತ್ಕೊಂಡು ಹೋಗೋ ಹಾಗೆ ಮಾಡ್ಬೇಡಿ. ಕ್ಷಮಿಸಿದ್ರಾ?"

"ಕ್ಷಮಿಸಿದ್ವಿ," ಎಂದು ಗುಂಪು ಗೊಣಗಿತು. ಇಂಥ ಕಡೆ ಎಲ್ಲರೂ ಹೇಳುವ ಮಾತು ಅದು. ಆದರೆ ಮೇಷ್ಟ್ರ ದನಿ ಎಲ್ಲರದನ್ನೂ ಮೀರಿ ಎದ್ದಿತು.

"ಕ್ಷಮಿಸಿದೆ! ಇಲ್ಲೂ ಕ್ಷಮಿಸಿದೆ, ಅಲ್ಲೂ ಕ್ಷಮಿಸಿದೆ! ದೇವರೇ ಸಾಕ್ಷಿ!"

ಜನ ತಿರುಗಿ ನೋಡಿದರು. ಶೇಖ್ ಹುಬ್ಬೇರಿಸಿದರು. ಮೇಷ್ಟ್ರು ಕಣ್ಣೊರೆಸಿಕೊಂಡು ಮಣ್ಣಿನ ಗುಪ್ಪೆಯನ್ನೇ ನೋಡುತ್ತಿದ್ದರು. ಸಾಯುವ ಮೊದಲು ಎಲ್ಲರೆದುರು ಒಂದು ಮಾತು ಹೇಳುತ್ತೇನೆಂದು ವಗ್ದಿ ಭಾಷೆ ಕೊಟ್ಟಿದ್ದ. ಹೇಳದೆಯೇ ಹೋಗಿದ್ದ. ಪಾಪ, ಹೊತ್ತು ಸಿಗಲಿಲ್ಲ ಎಂದುಕೊಂಡು ಅದನ್ನು ಮೇಷ್ಟ್ರು ಬಿಟ್ಟುಕೊಟ್ಟಿದ್ದರು, ಮನಸಾರೆ.

* * *

ಆಗ ದುಮ್ಯಾತಿನಲ್ಲಿ ಕಾಫಿಯಂಗಡಿಗಳ ನಡುವೆ ಪ್ರತಿ ವರ್ಷ ರಂಜಾನಿನ ತಿಂಗಳಿಡೀ ಸಾಮಾನ್ಯ ಜ್ಞಾನದ ಸ್ಪರ್ಧೆ ನಡೆಯುತ್ತಿತ್ತು. ಕೊನೆಯ ಪಂದ್ಯ ಈದ್‌ನ ಎರಡನೆಯ ದಿನ, ಸರಕಾರಿ ಶಾಲೆಯ ಅಂಗಳದಲ್ಲಿ. ಒಂದು ತಂಡಕ್ಕೆ ಇಬ್ಬರು. ಮುಂದೆ ಮೈಕಿನ ಹತ್ತಿರ ಕೂತವನು ಮಾತ್ರ ಬಾಯಿ ಬಿಡಬೇಕು, ಅವನನ್ನು ನಾಲಿಗೆ ಎನ್ನುತ್ತಿದ್ದರು. ಹಿಂದೆ ಕೂತವನು ಹೊಟ್ಟೆ. ನಾಲಿಗೆ ಹಿಂದಕ್ಕೆ ವಾಲಿದರೆ ಹೊಟ್ಟೆ ಕಿವಿಯಲ್ಲಿ ಹೇಳಬೇಕು. ಮೈಕಿನಲ್ಲಿ ಮೊದಲು ಬಂದ ಮಾತೇ ಉತ್ತರ, ನುಂಗಿಕೊಳ್ಳುವಂತಿಲ್ಲ.

ಬಡಗಿಗಳ ಬೀದಿಯ ಕಾಫಿಯಂಗಡಿಗೆ ವಗ್ದಿ ನಾಲಿಗೆ, ಫಿಕ್ರಿ ಹೊಟ್ಟೆ. ವಗ್ದಿ ಆಗ ಯಾರದೋ ಕಾರ್ಖಾನೆಯಲ್ಲಿ ಕುರ್ಚಿಗಳಿಗೆ ಮೆರುಗೆಣ್ಣೆ ಬಳಿಯುತ್ತಿದ್ದ, ಉಗುರಿನ ಸಂದಿಯಲ್ಲಿ ಯಾವಾಗಲೂ ಕಂದು ಬಣ್ಣ. ಚೆಲುವ, ಮಾತುಗಾರ. ಫಿಕ್ರಿ ಹೊಸದಾಗಿ ಮೇಷ್ಟ್ರಾಗಿದ್ದ. ಮೈಕು ಕಂಡರೆ ಹಿಂದಕ್ಕೆ ಸರಿಯುತ್ತಿದ್ದ, ಆದರೆ ಓದಿದ್ದೊಂದೂ ತಲೆಯಿಂದ ಜಾರುತ್ತಿರಲಿಲ್ಲ. ಎದುರಾಳಿ ಎಂದರೆ ನದಿದಂಡೆಯ ಕಾಫಿಯಂಗಡಿ. ಅದರ ಹಿಂದೆ ನಿಂತಿದ್ದವನು ಮರದ ಮಂಡಿಯ ಹಾಜಿ ಮಿತ್ವಲ್ಲಿ. ಎಷ್ಟೋ ವರ್ಷಗಳಿಂದ ಕಪ್ ಗೆಲ್ಲಲಾಗದೆ ಅವನಿಗೆ ಹೊಟ್ಟೆಯುರಿ.

ಆ ಮಧ್ಯಾಹ್ನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳು ಕಾಂಪೌಂಡು ಗೋಡೆ ಹತ್ತಿದ್ದರು. ಅರಬ್ಬಿ ಪದ್ಯಕ್ಕೆ ಛಂದಸ್ಸು ಎಷ್ಟು? ಹದಿನಾರು. ಮೂರು ಹೃದಯವಿರುವ ಪ್ರಾಣಿ? ಅಷ್ಟಪದಿ. ಮನ್ಸೂರಾದಲ್ಲಿ ಸೆರೆಯಲ್ಲಿದ್ದ ಫ್ರಾನ್ಸಿನ ದೊರೆಯನ್ನು ಬಿಡಿಸಿಕೊಳ್ಳಲು ಅವನ ಕಡೆಯವರು ಯಾವ ಊರು ಬಿಟ್ಟುಕೊಟ್ಟರು? "ನಮ್ಮೂರು!" ಎಂದು ವಗ್ದಿ ಎದೆ ತಟ್ಟಿಕೊಂಡಾಗ ಶಿಳ್ಳೆಗಳು ಹಾರಿದವು. ಕೊನೆಗೆ ಎರಡೂ ತಂಡ ಸಮಸಮ. ಕೊನೆಯ ಪ್ರಶ್ನೆ ವಗ್ದಿಯ ಪಾಲಿಗೆ ಬಂತು.

"ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಈಜಿಪ್ಟ್ ಮೊದಲ ಬಾರಿಗೆ ಫುಟ್‌ಬಾಲ್ ವಿಶ್ವಕಪ್ ಆಡಿತು. ಅದನ್ನು ಸೋಲಿಸಿದ ದೇಶ ಯಾವುದು?"

ಫಿಕ್ರಿಗೆ ನಗು ಬಂತು. ಇದು ಗೋಡೆ ಮೇಲಿನ ಮಕ್ಕಳಿಗೂ ಗೊತ್ತು. ವಗ್ದಿಗಂತೂ ನಿದ್ದೆಯಲ್ಲಿ ಕೇಳಿದರೂ ಗೊತ್ತು, ಫುಟ್‌ಬಾಲ್ ಅವನದೇ ಇಲಾಖೆ. ಆದರೂ ವಗ್ದಿ ಹಿಂದಕ್ಕೆ ವಾಲಿದ. ಖಾತ್ರಿ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡು ಫಿಕ್ರಿ ಕಿವಿಯಲ್ಲಿ ಹೇಳಿದ. "ಹಂಗೇರಿ, ನಾಲ್ಕು-ಎರಡು."

ವಗ್ದಿ ಮುಂದಕ್ಕೆ ಬಾಗಿ, ಸ್ಪಷ್ಟವಾಗಿ, ಮೈಕಿನಲ್ಲಿ "ಆಸ್ಟ್ರಿಯಾ" ಎಂದ. ಪ್ರಶ್ನೆ ಎದುರಾಳಿ ತಂಡಕ್ಕೆ ದಾಟಿತು, ಹಿಂದೆಯೇ ಕಪ್ ಕೂಡ.

ಆಮೇಲೆ ಶಾಲೆಯ ಹಿಂದೆ, ನಲ್ಲಿಯ ಹತ್ತಿರ, ಅವನು ಫಿಕ್ರಿಯ ಎದೆಗೆ ಮುಖ ಒತ್ತಿ ಅತ್ತ.

"ನಾಲಿಗೆ ಜಾರಿತು ಕಣೋ. ಹಂಗೇರಿ ಅಂತಲೇ ಹೊರಟೆ, ಅದೇನು ಬಂತೋ ಬಾಯಿಗೆ. ಈಗ ಏನು ಮಾಡ್ಲಿ? ಹಾಜಿ ಮಿತ್ವಲ್ಲಿ ಮಗಳನ್ನ ಕೇಳಿದೀನಿ ಅಂತ ಬೀದಿಗೆಲ್ಲ ಗೊತ್ತು. ನನ್ನ ತಪ್ಪು ಅಂದ್ರೆ, ಹೆಣ್ಣಿಗಾಗಿ ಬೀದೀನೇ ಮಾರ್ಕೊಂಡ ಅಂತಾರೆ."

"ಯಾವನು ಹಾಗಂತಾನೆ? ಹಲ್ಲು ಉದುರಿಸ್ತೀನಿ!"

"ಎಷ್ಟು ಜನದ್ದು ಉದುರಿಸ್ತೀಯ? ನೀನು ಹೇಳಿದ್ದೇ ಅದು ಅನ್ನು. ನೀನು ಮೇಷ್ಟ್ರು, ನಿನ್ನ ಮೇಲೆ ಯಾರಿಗೂ ಅನುಮಾನ ಬರಲ್ಲ. ಎರಡು ದಿನ ನಗ್ತಾರೆ, ಮರೀತಾರೆ. ನಾನಾದ್ರೆ ಸಾಯೋವರೆಗೂ ಮಾರಿಕೊಂಡವನೇ."

ಫಿಕ್ರಿ ಅಂಗಳಕ್ಕೆ ಹೋಗಿ, ಎಲ್ಲರೆದುರು, ದೇವರ ಆಣೆ ಮಾಡಿ ಹೇಳಿದ, ಆಸ್ಟ್ರಿಯಾ ಅಂತ ಹೇಳಿಕೊಟ್ಟವನು ನಾನು ಎಂದು. ಸುಳ್ಳು ಆಣೆಯ ಪಾಪ ಕಳೆಯಲೆಂದು ಈದ್ ಮುಗಿದದ್ದೇ ಮತ್ತೆ ಉಪವಾಸ ಹಿಡಿದ.

ಜನ ಮರೆಯಲಿಲ್ಲ. ರಜೆ ಮುಗಿದು ತರಗತಿಗೆ ಹೋದರೆ ಕಪ್ಪುಹಲಗೆಯ ಮೇಲೆ ಹುಡುಗರು ಆಸ್ಟ್ರಿಯಾದ ನಕ್ಷೆ ಬರೆದು, ಕೆಳಗೆ 'ಮೇಷ್ಟ್ರೇ, ತವರಿಗೆ ಸ್ವಾಗತ' ಎಂದು ಬರೆದಿದ್ದರು. ಕೈರೋದ ರೇಡಿಯೋ ಸ್ಪರ್ಧೆಗೆ ಜಿಲ್ಲೆಯಿಂದ ಹೋಗುವವರ ಪೈಕಿ ಅವನ ಹೆಸರಿತ್ತು, ತೆಗೆದುಹಾಕಿದರು. ಜೊತೆಯಲ್ಲಿ ಪಾಠ ಮಾಡುತ್ತಿದ್ದ ಒಬ್ಬಾಕೆಯನ್ನು ಮದುವೆಗೆ ಕೇಳಬೇಕೆಂದಿದ್ದ. ಆಕೆ ಅವನನ್ನು ಕಂಡಾಗಲೆಲ್ಲ ಕರವಸ್ತ್ರ ಬಾಯಿಗೆ ಅಡ್ಡ ಹಿಡಿಯತೊಡಗಿದ ಮೇಲೆ ಕೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಬೇರೊಬ್ಬಳ ಜೊತೆ ಮದುವೆಯಾಯಿತು. ಹೆಂಡತಿಗೂ ನಿಜ ಹೇಳಲಿಲ್ಲ. ನಮ್ಮ ದೇಶವನ್ನು ಯಾರು ಸೋಲಿಸಿದರು ಅಂತ ಗೊತ್ತಿಲ್ಲದ ನಿಮ್ಮ ಹತ್ತಿರ ಯಾವ ಹುಡುಗರು ಕಲೀತಾರೆ ಎಂದು ಅವಳು ಬಯ್ದಾಗ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಒಳಗೊಳಗೆ ಹೆಮ್ಮೆ. ಗೆಳೆತನಕ್ಕಾಗಿ ಇಷ್ಟು ಮಾಡಿದವನು ಈ ಊರಲ್ಲಿ ಬೇರೆ ಯಾರಿದ್ದಾರೆ?

* * *

ಸತ್ತ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ನೆರೆಯವರು ತಟ್ಟೆಗಳಲ್ಲಿ ಅನ್ನ, ಬೇಯಿಸಿದ ಮಾಂಸ, ಸಾರು ಕಳಿಸಿದ್ದರು. ಮನೆಯ ಗಂಡಸರು ನಡುಮನೆಯಲ್ಲಿ ನೆಲದ ಮೇಲೆ ಕೂತು, ಹಸಿವಿಲ್ಲವೆಂದು ಹೇಳುತ್ತಲೇ ಚೆನ್ನಾಗಿ ಉಣ್ಣುತ್ತಿದ್ದರು. ಹಾಝಿಮ್ ಮೇಷ್ಟ್ರ ಎದುರಿಗೆ ಒಳ್ಳೆಯ ತುಂಡುಗಳನ್ನೇ ಆರಿಸಿ ಇಟ್ಟ.

"ತಿನ್ನಿ ನಮ್ಸಾವಿ ಚಿಕ್ಕಪ್ಪ. ಸಂಜೆ ಶಾಮಿಯಾನದಲ್ಲಿ ನೀವು ನಮ್ಮ ಸಾಲಲ್ಲಿ ನಿಲ್ಬೇಕು, ನನ್ನ ಪಕ್ಕದಲ್ಲೇ. ಅಪ್ಪ ಹೇಳಿಹೋಗಿದಾರೆ."

ಸಂತಾಪ ಹೇಳಲು ಬರುವವರ ಕೈ ಹಿಡಿಯಲು ಬಾಗಿಲಲ್ಲಿ ಸಾಲಾಗಿ ನಿಲ್ಲುವುದು ರಕ್ತಸಂಬಂಧಿಗಳು ಮಾತ್ರ. ಮೇಷ್ಟ್ರು ತಟ್ಟೆಯಿಂದ ಕತ್ತೆತ್ತಿದರು.

"ನಿಮ್ಮಪ್ಪ ನನ್ನ ವಿಷಯ ಬೇರೇನಾದ್ರೂ ಹೇಳಿದ್ನಾ ಮಗು?"

"ಬೇರೆ? ಇಲ್ವಲ್ಲ."

ಹಾಜಿ ಮಿತ್ವಲ್ಲಿ ಸತ್ತು ಎಷ್ಟೋ ವರ್ಷಗಳಾಗಿದ್ದವು. ಅವನ ಮಗ ಬಹ್ಗತ್, ಎಂದರೆ ಈಗ ಸತ್ತವನ ಭಾವಮೈದುನ, ಗೋಡೆಗೆ ಒರಗಿ ಕೂತಿದ್ದ. ಅಂಥವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಹೊತ್ತಾರೆಯಿಂದ ಅತ್ತೂ ಅತ್ತೂ, ಮಧ್ಯಾಹ್ನ ಹೊಟ್ಟೆ ತುಂಬುತ್ತಲೇ ಕತೆ ಹೇಳುವವರು.

"ಏನು ಮನುಷ್ಯ ನಮ್ಮ ಭಾವ!" ಎಂದ. "ಹೆಣ್ಣು ಕೇಳೋಕೆ ಬಂದಾಗ ಮೈಯೆಲ್ಲ ಮೆರುಗೆಣ್ಣೆ ವಾಸನೆ. ಅಪ್ಪ ಏನಂದ್ರು ಗೊತ್ತಾ? 'ಹುಡುಗಿಗೆ ಕೊಡೋ ಮಹರ್ ಗಿಹರ್ ಆಮೇಲೆ ಮಾತಾಡೋಣ. ಈ ಸಲ ಕಪ್ ನಮ್ಮ ಕಾಫಿಯಂಗಡಿಗೆ ಬರ್ಬೇಕು. ತಂದುಕೊಟ್ಟೋನಿಗೆ ಮಗಳು.' ಭಾವ ಒಂದು ನಿಮಿಷ ಯೋಚನೆ ಮಾಡ್ಲಿಲ್ಲ. 'ಹಾಜಿ, ನಾಲಿಗೆ ನಂದು ತಾನೇ' ಅಂದ್ರಂತೆ!"

ಸುತ್ತ ಕೂತವರು ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕರು. ಹಾಝಿಮ್ ಕೂಡ ನಕ್ಕ. ಅಪ್ಪನ ಕತೆಯನ್ನು ಎಷ್ಟು ಸಲ ಕೇಳಿದರೂ ಸಾಲದವನ ನಗು ಅದು.

ಮೇಷ್ಟ್ರ ಕೈಯಲ್ಲಿ ತುತ್ತು ಹಾಗೇ ಇತ್ತು.

"ಅಪ್ಪನಿಗೆ ಒಂದೇ ಹೆದರಿಕೆ," ಬಹ್ಗತ್ ಮುಂದುವರಿಸಿದ. "'ಹಿಂದೆ ಕೂತಿರ್ತಾನಲ್ಲ ಆ ಮೇಷ್ಟ್ರು, ಅವನು ಸುಮ್ನಿರ್ತಾನಾ?' ಅದಕ್ಕೆ ಭಾವ, 'ಅವನಾ? ಅವನಿಗೆ ಎರಡು ಹನಿ ಕಣ್ಣೀರು ಸಾಕು ಹಾಜಿ. ತಪ್ಪು ನಂದೇ ಅಂತ ತಾನೇ ಕೂಗಿ ಹೇಳ್ತಾನೆ' ಅಂದ್ರಂತೆ. ಅದೇ ಥರ ಆಯ್ತು ನೋಡಿ! ಅಪ್ಪ ಇರೋವರೆಗೂ ಈದ್ ಊಟಕ್ಕೆ ಈ ಕತೆ ಇಲ್ದೆ ಕೂರ್ತಿರ್ಲಿಲ್ಲ. ಮೇಷ್ಟ್ರೂ ಎಷ್ಟು ಸಲ ನಮ್ಮ ಜೊತೆ ಊಟಕ್ಕೆ ಕೂತಿಲ್ಲ! ಆಗ ಮಾತ್ರ ಅಪ್ಪನ ಬಾಯಿಗೆ ಬೀಗ. ಮಾಂಸದ ತಟ್ಟೆ ಅವರ ಕಡೆ ತಳ್ಳಿ, 'ನಮ್ಸಾವಿ ಮೇಷ್ಟ್ರಿಗೆ ಇನ್ನೊಂದು ತುಂಡು ಹಾಕ್ರೋ, ಅವರ ಋಣ ನಮ್ಮ ಮೇಲಿದೆ' ಅನ್ನೋರು. ನಾವು ಹುಡುಗ್ರು ಮೇಜಿನ ಕೆಳಗೆ ಒಬ್ಬರನ್ನೊಬ್ರು ಒದ್ದುಕೊಂಡು ನಗ್ತಿದ್ವಿ. ಈಗೇನು ಬಿಡಿ, ಮೇಷ್ಟ್ರಿಗೆ ಭಾವ ಎಂದೋ ಹೇಳಿರ್ತಾರೆ. ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ತುತ್ತನ್ನು ತಟ್ಟೆಯಲ್ಲಿ ಇಟ್ಟರು.

"ಅಲ್ವಾ ಮೇಷ್ಟ್ರೇ?" ಎಂದು ಇನ್ನೊಮ್ಮೆ ಕೇಳಿದ ಬಹ್ಗತ್, ಅವರ ಮುಖ ನೋಡಿ ನಗು ನಿಲ್ಲಿಸಿದ. ಆಮೇಲೆ ತಾನೇ ನೀರಿನ ಲೋಟಕ್ಕಾಗಿ ಅತ್ತಿತ್ತ ತಡಕಾಡಿದ. ಯಾರೋ ಸಾರು ಕೇಳಿದರು. ಹಾಝಿಮ್ ಮಾತ್ರ ಕತ್ತೆತ್ತಲಿಲ್ಲ.

ಮೇಷ್ಟ್ರು ಕೈತೊಳೆಯಲೆಂದು ಎದ್ದು ಒಳಗಿನ ಓಣಿಗೆ ಹೋದರು. ಹೆಂಗಸರ ಕೋಣೆಯ ಬಾಗಿಲಲ್ಲಿ ವಗ್ದಿಯ ಹೆಂಡತಿ ಇನ್‌ಸಾಫ್ ಕಪ್ಪು ಬಟ್ಟೆಯಲ್ಲಿ ನಿಂತಿದ್ದಳು. ನಡುಮನೆಯ ಮಾತು ಅವಳಿಗೂ ಕೇಳಿಸಿತ್ತು.

"ನಿಮಗೆ ಗೊತ್ತಿತ್ತಾ ಅತ್ತಿಗೆ?"

ಅವಳು ಸುಳ್ಳು ಹೇಳಲಿಲ್ಲ. "ಮದುವೆ ಆದ್ಮೇಲೆ ಗೊತ್ತಾಯ್ತು."

"ನೀವೂ ನನ್ನ ನಮ್ಸಾವಿ ಅಂತಾನೇ ಕರೀತಿದ್ರಿ."

"ಊರೆಲ್ಲ ಹಾಗೇ ಕರೀತಿತ್ತು ಮೇಷ್ಟ್ರೇ."

"ಊರಿಗೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು."

ಇನ್‌ಸಾಫ್ ತಲೆಯ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಾನೆಷ್ಟು ಹೇಳ್ದೆ. ಹೋಗಿ ಕಾಲು ಹಿಡ್ಕೊಳ್ಳಿ, ಒಳ್ಳೆಯವರು, ಮನಸ್ಸಿಗೆ ತಗೊಳ್ಳಲ್ಲ ಅಂತ. ಅದಕ್ಕೆ ಅವರು, 'ಹೇಳಿದ್ರೆ ಸಂಜೆ ನನ್ನ ಜೊತೆ ಕೂರೋರು ಯಾರು? ಇವನು ಬಿಟ್ರೆ ನಂಗೆ ಮಾತಾಡೋಕೆ ಯಾರಿದಾರೆ?' ಅನ್ನೋರು. ಅವರಿಗೆ ನಿಮ್ಮ ಮೇಲೆ ಪ್ರಾಣ, ಅದು ಸುಳ್ಳಲ್ಲ."

ಅದು ಸುಳ್ಳಲ್ಲ ಎಂಬುದೇ ಮೇಷ್ಟ್ರಿಗೆ ಹೆಚ್ಚು ಉರಿಯಿತು. ಕಳ್ಳ ಕದ್ದು ಓಡಿಹೋಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇವನು ಕದ್ದ ಮನೆಯ ಜಗಲಿಯಲ್ಲೇ ಜೀವಮಾನವಿಡೀ ಬಂದು ಕೂತಿದ್ದ, ಚಹಾ ಕುಡಿದಿದ್ದ, ತಾನು ಯಾರಿಂದ ಕದ್ದನೋ ಅವನ ಹೆಗಲ ಮೇಲೆಯೇ ಇವತ್ತು ಹೊರಸಿಕೊಂಡು ಹೋಗಿದ್ದ.

* * *

ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲೂ ವಗ್ದಿಗೆ ಪ್ರಶ್ನೆಗಳು ಬೇಕಿದ್ದವು. ಮೇಷ್ಟ್ರು ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು ಕುರ್ಚಿ ಎಳೆದುಕೊಂಡರೆ, ಕಣ್ಣು ಮುಚ್ಚಿಕೊಂಡೇ "ಶುರು ಮಾಡು" ಎನ್ನುತ್ತಿದ್ದ.

"ಸೂರ್ಯನ ಬೆಳಕು ನಮಗೆ ಮುಟ್ಟೋಕೆ ಎಷ್ಟು ಹೊತ್ತು?"

"ಎಂಟು ನಿಮಿಷ. ಮಕ್ಕಳ ಪ್ರಶ್ನೆ ಕೇಳ್ಬೇಡ."

"ಕಾಲುವೆ ತೆರೆದಿದ್ದು?"

"ಅರವತ್ತೊಂಬತ್ತು. ಹದಿನೆಂಟು ನೂರ ಅರವತ್ತೊಂಬತ್ತು. ನಾಲಿಗೆ ಇನ್ನೂ ಸತ್ತಿಲ್ಲ ಕಣೋ."

ಇಷ್ಟು ವರ್ಷಗಳಲ್ಲಿ ಇಬ್ಬರೂ ಎಲ್ಲವನ್ನೂ ಕೇಳಿದ್ದರು. ಮೂವತ್ತನಾಲ್ಕರ ಪ್ರಶ್ನೆಯೊಂದನ್ನು ಬಿಟ್ಟು. ಗೆಳೆಯನಿಗೆ ನೋವಾಗಬಾರದೆಂದು ಮೇಷ್ಟ್ರು ಆ ವಿಶ್ವಕಪ್ಪಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಒಂದು ಸಂಜೆ ವಗ್ದಿಯೇ ಕಣ್ಣು ತೆರೆದು ಅವರ ಮುಂಗೈ ಹಿಡಿದ.

"ಸಾಯೋ ಮೊದಲು ಎಲ್ಲರ ಮುಂದೆ ಹೇಳ್ಬಿಡ್ತೀನಿ ಫಿಕ್ರಿ. ತಪ್ಪು ನಂದು ಅಂತ. ಮಗನ್ನ, ಬಹ್ಗತ್‌ನ, ಶೇಖ್‌ರನ್ನ, ಎಲ್ಲರನ್ನೂ ಕರೆಸಿ ಹೇಳ್ತೀನಿ."

"ಬಿಡೋ ಅದನ್ನ. ನಾಲಿಗೆ ಯಾರಿಗೆ ಜಾರಲ್ಲ?"

ವಗ್ದಿ ಅವರ ಮುಂಗೈ ಬಿಟ್ಟ. ಆಮೇಲೆ ಗೋಡೆಯ ಕಡೆ ಹೊರಳಿ, "ಇನ್ನೊಂದು ಪ್ರಶ್ನೆ ಕೇಳು," ಎಂದ.

* * *

ಸೂರ್ಯ ಮುಳುಗುವ ಹೊತ್ತಿಗೆ ಬೀದಿಗೆ ಅಡ್ಡಲಾಗಿ ಶಾಮಿಯಾನ ಎದ್ದಿತ್ತು. ಕೆಂಪು-ನೀಲಿ ಚಿತ್ತಾರದ ಬಟ್ಟೆಯ ಗೋಡೆಗಳು, ಎದುರುಬದುರು ಕುರ್ಚಿಗಳ ಸಾಲು, ಎತ್ತರದ ಪೀಠದಲ್ಲಿ ಕುರಾನ್ ಓದುವವನು. ಬಂದವರು ಬಾಗಿಲಲ್ಲಿ ನಿಂತ ಸಾಲಿಗೆ ಕೈಕೊಟ್ಟು, ಒಳಗೆ ಕೂತು, ಸಕ್ಕರೆಯಿಲ್ಲದ ಕಾಫಿ ಕುಡಿದು, ಒಂದು ಪಾರಾಯಣ ಮುಗಿದು ಓದುವವನು ಉಸಿರು ತೆಗೆದುಕೊಳ್ಳುವಾಗ ಎದ್ದು, ಮತ್ತೆ ಕೈಕೊಟ್ಟು ಹೋಗುವುದು. ಅದು ಪದ್ಧತಿ.

ಮೇಷ್ಟ್ರು ಬಂದು ಸಾಲಿನಲ್ಲಿ ನಿಂತರು. ಯಾಕೆ ನಿಂತರು ಎಂದರೆ ಅವರಿಗೇ ಗೊತ್ತಿರಲಿಲ್ಲ. ಬಂದವರು ಬಂದಂತೆ ಅವರ ಕೈ ಕುಲುಕಿದರು.

"ಅವರ ಉಳಿದ ಆಯಸ್ಸು ನಿಮಗಿರಲಿ ನಮ್ಸಾವಿ ಮೇಷ್ಟ್ರೇ."

"ಒಂದು ಜೀವ ಎರಡು ದೇಹ ಆಗಿದ್ರಿ ನಮ್ಸಾವಿ ಮೇಷ್ಟ್ರೇ."

"ಹೊಟ್ಟೆ ಉಳೀತು, ನಾಲಿಗೆ ಹೋಯ್ತು ನಮ್ಸಾವಿ ಮೇಷ್ಟ್ರೇ."

ಇಷ್ಟು ಕಾಲ ಈ ಹೆಸರು ಕೇಳಿದಾಗಲೆಲ್ಲ ಅವರೊಳಗೆ ಯಾರಿಗೂ ಕಾಣದ ಒಂದು ದೀಪ ಹತ್ತುತ್ತಿತ್ತು. ಈಗ ಒಂದೊಂದು ಸಲ ಕೇಳಿದಾಗಲೂ ಹಾಜಿ ಮಿತ್ವಲ್ಲಿಯ ಊಟದ ಮೇಜು, ಅದರ ಕೆಳಗೆ ಒದ್ದಾಡುತ್ತಿದ್ದ ಕಾಲುಗಳು ಕಂಡವು. ಅವರು ಗೆಳೆಯನಿಗೆ ಕೊಟ್ಟದ್ದನ್ನು ಅವನು ಮಾವನ ಮನೆಯಲ್ಲಿ ನಗೆಯಾಟಕ್ಕೆ ಬಡಿಸಿದ್ದ. 'ಎರಡು ಹನಿ ಕಣ್ಣೀರು ಸಾಕು.' ನಲ್ಲಿಯ ಹತ್ತಿರ ತಮ್ಮ ಅಂಗಿಯ ಎದೆ ಒದ್ದೆಯಾದದ್ದು ಮೇಷ್ಟ್ರಿಗೆ ಈಗಲೂ ನೆನಪಿತ್ತು.

ಶೇಖ್ ಬದಾವಿ ಬಂದಾಗ ಅವರ ಕೈಯನ್ನು ಮೇಷ್ಟ್ರು ಬಿಡಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಕರೆದರು.

"ಶೇಖ್, ಬೆಳಿಗ್ಗೆ ಗೋರಿ ಹತ್ರ ನಾನೊಂದು ಮಾತು ಹೇಳ್ದೆ."

"ಕೇಳಿಸ್ತು. ಕಬರಸ್ತಾನಕ್ಕೆಲ್ಲ ಕೇಳಿಸ್ತು."

"ಏನನ್ನ ಕ್ಷಮಿಸ್ತಿದೀನಿ ಅಂತ ಗೊತ್ತಿಲ್ದೆ ಕ್ಷಮಿಸಿದ್ರೆ ಅದು ಸಲ್ಲುತ್ತಾ?"

ಶೇಖ್ ಗಡ್ಡ ಕೆರೆದುಕೊಂಡರು. "ಇಂಥ ಪ್ರಶ್ನೆ ನೀವಿಬ್ರೇ ಕೇಳ್ತಿದ್ದಿದ್ದು. ಗೊತ್ತಿಲ್ದೆ ಕೊಂಡ ಮಾಲಿನಲ್ಲಿ ದೋಷ ಇದ್ರೆ ಹಿಂದಿರುಗಿಸಬಹುದು, ಅದು ಗೊತ್ತು. ಗೊತ್ತಿಲ್ದೆ ಕೊಟ್ಟ ಕ್ಷಮೆ... ನೋಡ್ಬೇಕು. ಏನಾಯ್ತು? ಏನು ಮಾಡಿದ್ದ ವಗ್ದಿ?"

ಮೇಷ್ಟ್ರು ಬಾಯಿ ತೆರೆದರು. ಈಗ ಹೇಳಿಬಿಡಬಹುದು. ಓದುವವನು ನಿಲ್ಲಿಸಿದಾಗ ಆ ಮೈಕನ್ನೇ ಹಿಡಿದು ಇಡೀ ಬೀದಿಗೆ ಹೇಳಬಹುದು. ಹೇಳುವುದೇನು? ಇವನು ಹಂಗೇರಿ ಎನ್ನುವ ಕಡೆ ಬೇಕೆಂದೇ ಆಸ್ಟ್ರಿಯಾ ಎಂದ. ಕೇಳಿದ ಯಾವನು ನಗದೆ ಇದ್ದಾನು? ಅಯ್ಯೋ, ಅಷ್ಟೇನಾ ಎನ್ನುತ್ತಾರೆ. ಫುಟ್‌ಬಾಲ್ ಪ್ರಶ್ನೆಗೆ ಸತ್ತವನ ಮೇಲೆ ಜಗಳವೇ ಎನ್ನುತ್ತಾರೆ. ನಾಳೆ ಬೆಳಗ್ಗೆ ಊರಿನಲ್ಲಿ ನಮ್ಸಾವಿಯ ಕತೆಗೆ ಹೊಸ ಬಾಲ ಹುಟ್ಟಿರುತ್ತದೆ. ಒಬ್ಬ ಮನುಷ್ಯನ ಬದುಕನ್ನೇ ತಿಂದದ್ದನ್ನು ಹೊರಗೆ ಹೇಳಹೊರಟರೆ ನಗೆಚಾಟಿಕೆಯಷ್ಟೇ ಉಳಿಯುತ್ತದಲ್ಲ ಎಂದು ಅವರ ಕಣ್ಣು ಮಂಜಾಯಿತು.

"ಏನಿಲ್ಲ ಬಿಡಿ ಶೇಖ್."

"ಹೃದಯ ನೋಡೋನು ಮೇಲಿದಾನೆ," ಎಂದು ಶೇಖ್ ಅವರ ಭುಜ ತಟ್ಟಿ ಒಳಗೆ ಹೋದರು.

ಮೇಷ್ಟ್ರು ಸಾಲಿಗೆ ಹಿಂದಿರುಗಲಿಲ್ಲ. ಶೇಖ್‌ರ ಹಿಂದೆಯೇ ಶಾಮಿಯಾನದೊಳಗೆ ನಡೆದು, ಬಂದುಹೋಗುವವರ ಕುರ್ಚಿಗಳಲ್ಲಿ, ಕೈರೋದ ಆ ಗಿರಾಕಿಯ ಪಕ್ಕ ಕೂತರು. ಹಾಝಿಮ್ ಕತ್ತು ಚಾಚಿ ಹುಡುಕಿದ. ಕಂಡಾಗ ಕೈಬೀಸಿ ಕರೆದ. ಮೇಷ್ಟ್ರು ಕಾಣದವರಂತೆ ಕಾಫಿಯ ಲೋಟ ತೆಗೆದುಕೊಂಡರು. ಅದರ ಕಹಿಯನ್ನು ನಿಧಾನವಾಗಿ, ಚರಟ ಬರುವವರೆಗೂ ಕುಡಿದರು. ಪಕ್ಕದವನು ಸುಮ್ಮನಿರಲಾರದೆ ಕೇಳಿದ.

"ನೀವು ಮನೆಯವರಲ್ವಾ ಮೇಷ್ಟ್ರೇ? ಬೆಳಿಗ್ಗೆ ಹೊತ್ತಿದ್ದು ನೀವೇ ಅಲ್ವಾ?"

"ಹೊತ್ತಿದ್ದೆ," ಎಂದರು ಮೇಷ್ಟ್ರು.

ಪಾರಾಯಣ ಮುಗಿಯಿತು. ಕುರ್ಚಿಗಳು ಕಿರುಗುಟ್ಟಿದವು. ಎದ್ದವರ ಜೊತೆ ಮೇಷ್ಟ್ರೂ ಎದ್ದು, ಮಂಡಿ ಸರಿಮಾಡಿಕೊಂಡು, ಅವರ ಹಿಂದೆ ಬಾಗಿಲಿಗೆ ಬಂದರು. ಸಾಲಿನ ಮೊದಲಿಗೆ ಬಹ್ಗತ್ ನಿಂತಿದ್ದ. ಮೇಷ್ಟ್ರು ಅವನಿಗೆ ಕೈಕೊಟ್ಟು, ಎಲ್ಲರೂ ಹೇಳುವ ಮಾತನ್ನೇ ಹೇಳಿದರು. ಬಹ್ಗತ್ ಏನೋ ಹೇಳಬೇಕೆಂದು ತುಟಿ ತೆರೆಯುವಷ್ಟರಲ್ಲಿ ಮುಂದಕ್ಕೆ ಸರಿದಿದ್ದರು.

ಹಾಝಿಮ್ ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡ. ಹುಟ್ಟಿದಾಗ ಅವನ ಕಿವಿಯಲ್ಲಿ ಅಜಾನ್ ಹೇಳಿದವರು ಇವರೇ.

"ಚಿಕ್ಕಪ್ಪ, ಎಲ್ಲಿ ಹೊರಟ್ರಿ? ನಿಮ್ಮ ಜಾಗ ಇಲ್ಲಿ. ಮಧ್ಯಾಹ್ನದ ಮಾತು ಮನಸ್ಸಿಗೆ ಹಚ್ಕೋಬೇಡಿ ನಮ್ಸಾವಿ ಚಿ—"

"ನಾನು ಫಿಕ್ರಿ ಅಬ್ದುಲ್ ಶಾಫಿ," ಎಂದರು ಮೇಷ್ಟ್ರು. ದನಿ ಎತ್ತಲಿಲ್ಲ. ಎತ್ತಿ ಆಡಿಸಿದ ಹುಡುಗನನ್ನು ಮೊದಲ ಸಲ ಬಹುವಚನದಲ್ಲಿ ಮಾತಾಡಿಸಿದರು. "ಅವರ ಉಳಿದ ಆಯಸ್ಸು ನಿಮಗಿರಲಿ. ನಿಮ್ಮ ತಂದೆಯವರ ಪರಿಚಯ ಇತ್ತು."

ಹಾಝಿಮ್‌ನ ಕೈಗಳು ಅವರ ಕೈಯಿಂದ ತಾವಾಗಿಯೇ ಜಾರಿದವು. ಮೇಷ್ಟ್ರು ಅವನ ಪಕ್ಕದವನಿಗೆ, ಆಮೇಲೆ ಅವನ ಪಕ್ಕದವನಿಗೆ ಕೈಕೊಟ್ಟು, ಸಾಲು ಮುಗಿಸಿ, ದೀಪದ ಸರಗಳನ್ನು ದಾಟಿ ಬೀದಿಗಿಳಿದರು. ಹಿಂದೆ ನದಿದಂಡೆಯ ಕಡೆಯಿಂದ ಒಂದು ದೊಡ್ಡ ಗುಂಪು ಆಗತಾನೇ ಬಂತು. ಹಾಝಿಮ್‌ನ ಪಕ್ಕದಲ್ಲಿ ಒಬ್ಬನಷ್ಟು ಜಾಗ ಖಾಲಿಯಿತ್ತು. ಆಚೆಯಿದ್ದವರು ಒಂದೊಂದು ಹೆಜ್ಜೆ ಸರಿದು ಅದನ್ನು ತುಂಬಿದರು, ಮತ್ತೆ ಕೈಗಳು ಮುಂದಕ್ಕೆ ಚಾಚಿಕೊಂಡವು.